ಗುರುವಾರದ ದರ

ಸೋಮವಾರ ಕಿಲೋಗೆ ಎಂಬತ್ತು ಝ್ಲೋಟಿ,
ಮಂಗಳವಾರ ಅರವತ್ತು, ಬುಧವಾರ ನಲವತ್ತು,
ಗುರುವಾರಕ್ಕೆ ಇಪ್ಪತ್ತು.
ಶುಕ್ರವಾರ ಉಳಿದದ್ದನ್ನೆಲ್ಲ ಚೀಲಕ್ಕೆ ತುರುಕಿ
ಕೊಟ್ಟೇಬಿಡುತ್ತಾರೆ.

ಗುರುವಾರ ಬರ್ತೀಯಾ ಅಂತ ಕೇಳಿದ ರಾಡೆಕ್.
ಜಿಪುಣ, ಅಂದುಕೊಂಡೆ.
ಆಮೇಲೆ, ನಲವತ್ತೇಳು ತುಂಬಿತಲ್ಲ,
ನನ್ನ ವಾರದಲ್ಲೂ ಇದು ಗುರುವಾರವೇ ಇರಬೇಕು, ಅಂದುಕೊಂಡು
ಲಿಪ್‌ಸ್ಟಿಕ್ ಹಚ್ಚಿದೆ, ಅರ್ಧ ಒರೆಸಿದೆ, ಹೊರಟೆ.

ವೂಚ್ ಊರಿನ ಹಳೇ ಗಿರಣಿ. ಕೆಂಪಿಟ್ಟಿಗೆ.
ಹೊಗೆ ಮರೆತ ಚಿಮಣಿ.
ಅಮ್ಮ ಈ ಗೋಡೆಯೊಳಗೇ ಇಪ್ಪತ್ತಾರು ವರ್ಷ
ಮಗ್ಗಗಳಿಗೆ ಕಿವಿ ಕೊಟ್ಟಳು,
ಕೊಟ್ಟದ್ದು ವಾಪಸು ಬರಲಿಲ್ಲ.
ಕೊನೆಕೊನೆಗೆ ನನ್ನ ಮಾತನ್ನು ತುಟಿಯ ಮೇಲೆ ಓದುತ್ತಿದ್ದಳು,
ಬೇಡದ್ದನ್ನು ಓದುತ್ತಿರಲಿಲ್ಲ.

ಇಲ್ಲಿ ನೇಯ್ದದ್ದು ಆಗ ಎಲ್ಲೆಲ್ಲಿಗೋ ಹೋಯಿತು.
ಈಗ ಎಲ್ಲೆಲ್ಲಿಯದೋ ಲಾರಿಯೇರಿ ಬಂದು
ಅದೇ ನೆಲದ ಮೇಲೆ ರಾಶಿ ಬೀಳುತ್ತದೆ:
ಸ್ವೀಡನ್ನಿನ ಅಂಗಿ, ಡಚ್ಚರ ಮಳೆಗೋಟು,
ಯಾವುದೋ ಶಾಲೆಯ ಟೈ, ಗಂಟು ಬಿಚ್ಚದೆ ಹಾಗೇ,
ಒಂಟಿ ಕೈಗವಸು. ಅದಕ್ಕೂ ತೂಕವುಂಟು.

ನಿಯಮ ಅವನದು:
ನನಗೆ ನೀನು ಆರಿಸು, ನಿನಗೆ ನಾನು.
ಆರಿಸಿದ್ದನ್ನು ತೊಟ್ಟೇ ಊಟಕ್ಕೆ ಹೋಗಬೇಕು.
ನಗಬಹುದು. ಬೇಡ ಅನ್ನುವ ಹಾಗಿಲ್ಲ.

ಮೊಣಕೈವರೆಗೆ ಇಳಿದೆ.
ಪಕ್ಕದ ಮುದುಕಿ ಕಣ್ಣುಮುಚ್ಚಿ
ಉಣ್ಣೆ ಯಾವುದು ನೈಲಾನ್ ಯಾವುದು ಅಂತ ನೋಡುತ್ತಿದ್ದಳು,
ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.
ಅವಳು ಕೈಬಿಟ್ಟ ಬೂದು ಕೋಟನ್ನು ನಾನು ಹಿಡಿದೆ.
ನುಸಿಗುಳಿಗೆಯ ವಾಸನೆ, ಯಾರದೋ ಕಪಾಟಿನ ಕತ್ತಲೆ.
ಕಿಸೆಯಲ್ಲೊಂದು ಪುಟ್ಟ ಬೀಗದಕೈ,
ರಬ್ಬರು ಬಳೆಗೆ ಕಟ್ಟಿದ್ದು, ನಂಬರು ನೂರ ಹದಿನಾಲ್ಕು.
ಈಜುಕೊಳದ್ದು, ಅಂದ ರಾಡೆಕ್,
ಎಲ್ಲೋ ಒಂದು ಒದ್ದೆ ಟವೆಲು ಇನ್ನೂ ಕಾಯ್ತಾ ಇದೆ.

ಅವನು ತಂದದ್ದು ಹಸಿರು ಗೌನು.
ನನ್ನ ಅಳತೆ ನಿನಗೆ ಹೇಗೆ ಗೊತ್ತು?
ಹತ್ತೊಂಬತ್ತು ವರ್ಷ ಟ್ರಾಮ್ ಓಡಿಸಿದ್ದೀನಿ,
ಯಾರು ಹತ್ತಿದರೆ ಗಾಡಿ ಎಷ್ಟು ತಗ್ಗುತ್ತೆ ಅಂತ
ಪಾದಕ್ಕೆ ತಿಳಿಯುತ್ತೆ.
ಸಿಟ್ಟು ಮಾಡಬೇಕಿತ್ತು. ಮರೆತೆ.

ಪರದೆ ಗಿಡ್ಡ. ಕೆಳಗೆ ನನ್ನ ಕಾಲುಚೀಲ,
ತೂತಿನಿಂದ ಇಣುಕುವ ಹೆಬ್ಬೆರಳು.
ಬೆನ್ನ ಜಿಪ್ಪು ನಡುದಾರಿಯಲ್ಲಿ ಕಚ್ಚಿಕೊಂಡಿತು,
ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.
ನಾಲ್ಕು ವರ್ಷದಿಂದ ನನ್ನ ಬೆನ್ನು ನೋಡಿದವರು
ಡಾಕ್ಟರು ಮಾತ್ರ, ಅದೂ ಎಕ್ಸ್‌ರೇಯಲ್ಲಿ.
ರಾಡೆಕ್, ಅಂದೆ.
ಹೆಸರು ಕೂಗಿದ್ದು ಅದೇ ಮೊದಲು.

ಗಲ್ಲಾದ ಲೆಯೊಕಾಡಿಯಾ ಕಿವಿಯ ಮೇಲಿಂದ
ಪೆನ್ಸಿಲು ಎರವಲು ತಂದ.
ಸೀಸ ತಿಕ್ಕಿದರೆ ಹಲ್ಲು ಮಾತು ಕೇಳುತ್ತೆ, ಅಂತ
ಒಂದೊಂದೇ ಹಲ್ಲಿಗೆ ತಿಕ್ಕಿದ.
ಅವನ ಬೆರಳು ಬಟ್ಟೆಯನ್ನಷ್ಟೇ ಹಿಡಿದಿತ್ತು,
ಬಹಳ ಎಚ್ಚರದಿಂದ.
ಆ ಎಚ್ಚರ ತಾಗಿತು ನನಗೆ,
ಕುತ್ತಿಗೆಯಿಂದ ಸೊಂಟದವರೆಗೆ.

ತೂಗಲು ಕಳಚಿಟ್ಟೆವು.
ತಕ್ಕಡಿಯ ತಟ್ಟೆಯಲ್ಲಿ ಕೋಟಿನ ತೋಳು
ಗೌನಿನ ಮೇಲೆ ತಾನಾಗಿ ಬಿತ್ತು.
ಯಾರೂ ಸರಿಸಲಿಲ್ಲ.
ಒಟ್ಟಿಗೋ, ಬೇರೆ ಬೇರೆಯೋ? ಲೆಯೊಕಾಡಿಯಾ ಕೇಳಿದಳು.
ಬೇರೆ, ಅಂದೆ ನಾನು, ರೂಢಿ.
ಒಟ್ಟಿಗೆ, ಅಂದ ಅವನು, ಅದೇ ಉಸಿರಿಗೆ.
ಅವಳಾಗಲೇ ಗುಂಡಿ ಒತ್ತಿದ್ದಳು:
ಒಂದು ಕಿಲೋ ಏಳುನೂರ ಅರವತ್ತು.
ಹಿಂದೆ ಸಾಲಿತ್ತು.

ಸೂಪಿನ ಹಬೆಯಲ್ಲಿ ಅವನ ತೋಳು ಗಿಡ್ಡ ಕಂಡಿತು.
ನನ್ನ ಕತ್ತಿನ ಹಿಂದೆ ಸೀಸದ ಕಪ್ಪು ಗೀರಿತ್ತಂತೆ,
ಹೇಳಲಿಲ್ಲ ಪುಣ್ಯಾತ್ಮ,
ರಾತ್ರಿ ದಿಂಬು ಹೇಳಿತು.

ಟ್ರಾಮಿನ ಕಂಬದ ಕೆಳಗೆ ನಾನೇ ಕೇಳಿದೆ:
ಸೋಮವಾರ ಹೊಸ ಲಾರಿ. ದರ ಎಂಬತ್ತು.
ಬರ್ತೀಯಾ?

ಎರಡರವರೆಗೆ ಡ್ಯೂಟಿ ಇದೆ, ಅಂದ,
ಕಿಸೆಯೊಳಗೆ ಆ ಬೀಗದಕೈಯನ್ನು
ತಿರುವುತ್ತ, ತಿರುವುತ್ತ.