ಕಲಮು ನಲವತ್ತೈದು

ಅಮರಮ್ಮ ಬಂದಾಗ ನಾನು
ಚುನಾವಣೆಗೆಂದು ಜಮೆಯಾದ ಡಬಲ್ ಬ್ಯಾರಲ್‌ಗಳಿಗೆ
ಚೀಟಿ ಕಟ್ಟುತ್ತಿದ್ದೆ.
ರಾಯಚೂರಿನ ಏಪ್ರಿಲ್ಲು. ಶಸ್ತ್ರಾಗಾರದ ತಗಡಿಗೆ ಕೈ ತಾಗಿದರೆ
ಚರ್ಮ ಅಲ್ಲೇ ಬಿಟ್ಟು ಬರಬೇಕು.

ಗುರುಗುಂಟೆ ಕಡೆಯಾಕೆ. ಹಳೇ ಕೌದಿಯಲ್ಲಿ
ಕೂಸಿನ ಹಾಗೆ ಸುತ್ತಿ ತಂದಿದ್ದಳು,
ಹೊರಗೆ ಇಣುಕಿದ್ದು ಬರೀ ಮೂತಿ.
ಜೊತೆಗೊಬ್ಬ ಪೇದೆ, ಅವನ ಕೈಯಲ್ಲಿ ಠಾಣೆಯ ಪತ್ರ:
ಪರವಾನಗಿ ಇಲ್ಲದ ಬಂದೂಕು ಒಂದು,
ಪರೀಕ್ಷಿಸಿ ವರದಿ ಕೊಡುವುದು.

“ಬಂದೂಕ ಅಲ್ಲರಿ ಅದು, ತುಪಾಕಿ.
ನಮ್ಮ ಮುತ್ಯಾನ ಮುತ್ಯಾ ಹೊತ್ತಿದ್ದು.
ನಾವು ತುಪಾಕೇರ ಮನಿಯವ್ರು. ಅದನ್ನ ಕಸಗೊಂಡ್ರ
ನಮ್ಮ ಅಡ್ಡಹೆಸರು ಏನು ಹೊರಬೇಕ್ರಿ?”

ಕಾನೂನಿಗೂ ಒಂದು ಕಿಂಡಿ ಇದೆಯಮ್ಮಾ, ಅಂದೆ.
ನಲವತ್ತೈದನೇ ಕಲಮು. ಹಳೇ ಮಾದರಿಯದು,
ಅಥವಾ ಪುರಾತನ ಬೆಲೆಯದು,
ಅಥವಾ ರಿಪೇರಿ ಮಾಡಿದರೂ ಮಾಡದಿದ್ದರೂ
ಸಿಡಿಯಲಾರದ್ದು: ಅಂಥದ್ದಕ್ಕೆ ಪರವಾನಗಿ ಬೇಡ.

ಇಪ್ಪತ್ತಾರು ವರ್ಷ ಓದಿದ್ದೇನೆ ಆ ಸಾಲನ್ನು.
ಕೊನೆಯ ‘ಸಿಡಿಯಲಾರದ್ದು’ ಮೂರಕ್ಕೂ ಸೇರುತ್ತದೋ
ಕೊನೆಯದೊಂದಕ್ಕೆ ಮಾತ್ರವೋ
ಇವತ್ತಿಗೂ ಗೊತ್ತಿಲ್ಲ. ವಕೀಲರನ್ನು ಕೇಳಿದೆ.
ಒಬ್ಬರು ಚಹಾ ಕುಡಿಸಿದರು, ಇನ್ನೊಬ್ಬರು ಫೀಸು ಕೇಳಿದರು.

“ಹಳೇದು ಅಂತ ಬರೀರಿ ಸಾಬ್ರ,
ಸತ್ತೈತಿ ಅಂತ ಮಾತ್ರ ಬರೀಬ್ಯಾಡ್ರಿ.”

ಹಳೇದು ಅನ್ನಲು ಪುರಾತತ್ವದವರ ಸಹಿ ಬೇಕು;
ಆ ಕಡತ ಹೋಗಿ ಬರುವಷ್ಟರಲ್ಲಿ
ಈ ಡಬಲ್ ಬ್ಯಾರಲ್‌ಗಳೂ ಪುರಾತನವಾಗುತ್ತವೆ.
ಸತ್ತಿದೆ ಅನ್ನಲು ನನ್ನ ಸಹಿ ಸಾಕು.

ಮೇಜಿನ ಮೇಲೆ ಮಲಗಿಸಿದೆ. ಮೂರೂವರೆ ಮೊಳ.
ಹಿತ್ತಾಳೆಯ ಕಟ್ಟು, ಬತ್ತಿ ಕಚ್ಚಲು ಹಾವಿನ ಹೆಡೆ,
ಹಿಡಿಕೆಯ ಮೇಲೆ ಎಷ್ಟು ಆಯುಧಪೂಜೆಗಳದೋ ಕುಂಕುಮ,
ಉಗುರಿಗೆ ಪದರ ಪದರವಾಗಿ ಬಂತು.
ಸಲಾಕಿ ಹಾಕಿದೆ.
ಮೊದಲು ಕಣಜದ ಮಣ್ಣಿನ ಗೂಡು,
ಆಮೇಲೆ ಇಲಿ ಕೂಡಿಟ್ಟ ಸಜ್ಜೆ, ಒಂದು ಹಿಡಿ,
ಕೊನೆಗೆ ಟಣ್ಣೆಂದು ಬಿದ್ದದ್ದು
ಹಸಿರು ಗಾಜಿನ ಮಣಿ.

“ಅಯ್ಯ, ನಂದರೀ ಇದು!
ಐದು ವರ್ಸದಾಕಿ ಇದ್ದಾಗ ಒಳಗ ಏನೈತಿ ನೋಡಾಕ ಬಿಟ್ಟಿದ್ದೆ.
ಅವ್ವ ಬೆನ್ನಿಗೆ ಎರಡು ಬಿಟ್ಟಿದ್ಲು.”

ಪೇದೆ ನಕ್ಕ. ನಾನು ಟಾರ್ಚು ಹಿಡಿದು
ನಳಿಕೆಯೊಳಗೇ ಇದ್ದೆ.
ತುಕ್ಕಿನ ಅಡಿ ಕಬ್ಬಿಣ ಗಟ್ಟಿ. ಕಿವಿಯ ತೂತು ತೆರೆದಿತ್ತು.
ಬಾಯಿಟ್ಟು ಊದಿದೆ, ಉಸಿರು ಆ ತುದಿಯಿಂದ ಬಂತು.
ಒಂದು ಚಿಟಿಕೆ ಮದ್ದು, ಒಂದು ಉರಿವ ಬತ್ತಿ ಸಿಕ್ಕರೆ
ಮುತ್ಯಾನ ಮುತ್ಯಾ ಇನ್ನೊಮ್ಮೆ ಕೆಮ್ಮಿಯಾನು.

ಅದಕ್ಕೂ ದಾರಿ ಇದೆ: ಕಿವಿಗೆ ಬೆಸುಗೆ,
ನಳಿಕೆಗೆ ಅಡ್ಡ ರಂಧ್ರ. ಡ್ರಿಲ್ಲು ಪಕ್ಕದಲ್ಲೇ ಇತ್ತು.
ಆಕೆ ಅದನ್ನು ನೋಡಿದಳು,
ಮಣಿಯನ್ನು ಮುಷ್ಟಿಯಲ್ಲಿ ಮುಚ್ಚಿದಳು.
ನಮ್ಮಪ್ಪ ಮುದಗಲ್ಲಿನಲ್ಲಿ ಬೀಗ ರಿಪೇರಿಯವ.
ತೆರೆಯದ ಬೀಗ ಕೆಟ್ಟದ್ದಲ್ಲ,
ಕೀಲಿಯ ಮುಖ ಮರೆತದ್ದು, ಅನ್ನುತ್ತಿದ್ದ.

ಏನು ಬರೆದೆ ಎಂದು ಇಲ್ಲಿ ಹೇಳುವುದಿಲ್ಲ.
ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿದೆ.

ಸಂಜೆ ಚಹಾಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ
ಲಿಂಗಸುಗೂರು ಬಸ್ಸು ಗುರುಗುಡುತ್ತ ನಿಂತಿತ್ತು.
ಪೇದೆ ಹಿಂದಿನ ಸೀಟಿನಲ್ಲಿ ಆಗಲೇ ನಿದ್ದೆ.
“ಏನಬೇ ಅದು ಗಂಟು?” ಕಂಡಕ್ಟರು.
“ನಮ್ಮ ಹಿರ್ಯಾ.”
ಆಧಾರ್ ತೋರಿಸಿದ್ದಕ್ಕೆ ಆಕೆಗೆ ಸೊನ್ನೆ ಟಿಕೆಟು.
“ಗಂಡಸರಿಗೆ ಬಿಟ್ಟಿ ಇಲ್ಲಬೇ,” ಎಂದು
ಹಿರಿಯನಿಗೆ ಲಗೇಜಿನ ಚೀಟಿ ಹರಿದ.

ಅಮರಮ್ಮ ತಕರಾರು ಮಾಡಲಿಲ್ಲ.
ಚಿಲ್ಲರೆ ಎಣಿಸಿ ಕೊಟ್ಟು, ಚೀಟಿ ಮಡಿಸಿ
ನನ್ನ ವರದಿಯ ಜೊತೆ ಕುಪ್ಪಸದೊಳಗಿಟ್ಟು
ಕಿಟಕಿ ಕಡೆಯ ಸೀಟು ಅದಕ್ಕೆ ಬಿಟ್ಟಳು.