ಏಳನೇ ಕಾಲಂ

ಅರಸೀಕೆರೆ ಪುರಸಭೆಯ ಅಗ್ನಿ ರಿಜಿಸ್ಟರಿನಲ್ಲಿ
ಒಂಬತ್ತು ಕಾಲಂ. ಆರು ತುಂಬಿಸಿದ್ದೆ.
ಹತ್ತಿದ ಜಾಗ: ಮರುಳಪ್ಪಶೆಟ್ಟರ ಕೊಬ್ಬರಿ ಮಂಡಿ.
ಹತ್ತಿದ ವೇಳೆ: ಶುಕ್ರವಾರ, ಶಿವಮೊಗ್ಗದ ಗಾಡಿ ಬಂದು ಹೋದ ಮೇಲೆ.
ಕಾರಣ: ತಿಳಿಯದು.
(ಬೀಡಿ ಎಂದು ಬರೆದು ಹೊಡೆದುಹಾಕಿದೆ,
ಹಮಾಲಿ ಓಂಕಾರಿಗೆ ಮೂರು ಮಕ್ಕಳು.)
ಏಳನೆಯದು, ಬೆಂಕಿ ಆರಿದ ವೇಳೆ.
ಅಲ್ಲಿ ಟಾಕು ನಿಂತಿತು.

ಕೊಬ್ಬರಿ ಹುಲ್ಲಿನ ಹಾಗೆ ಉರಿಯುವುದಿಲ್ಲ.
ಮೊದಲು ಬೆವರುತ್ತದೆ, ಆಮೇಲೆ ಹರಿಯುತ್ತದೆ.
ಚರಂಡಿಯಲ್ಲಿ ಬೆಂಕಿ ನೀರಿನಂತೆ
ಇಳಿಜಾರು ಹುಡುಕಿಕೊಂಡು ಪೇಟೆಬೀದಿ ದಾಟಿತು.
ಊರಿಗೆಲ್ಲ ಹಬ್ಬದಡುಗೆಯ ಘಮ;
ಕಂಕುಳಲ್ಲಿದ್ದ ಕೂಸುಗಳು ಅಳುತ್ತಳುತ್ತಲೇ
ಮೂಗರಳಿಸಿದ್ದನ್ನು ಕಂಡಿದ್ದೇನೆ.
ಅದಕ್ಕೆ ಕಾಲಂ ಇಲ್ಲ.

ಬುಡೇನ್ ಸಾಬರು ಕೆರೆಗೂ ಬೀದಿಗೂ
ನಲವತ್ತು ಸಲ ಪಖಾಲಿ ಹೊತ್ತರು.
ಎಣ್ಣೆಯ ಮೇಲೆ ನೀರು ಬಿದ್ದರೆ ಬೆಂಕಿ ಎದ್ದು ನಿಲ್ಲುತ್ತದೆಂದು
ಹುಬ್ಬು ಸುಟ್ಟ ಮೇಲೆ ತಿಳಿಯಿತು.
ರೈಲ್ವೆಯವರು ಇಂಜಿನ್ನನ್ನೇ ಸೈಡಿಂಗಿಗೆ ತಂದರು,
ನೀರಿತ್ತು, ಕೊಳವೆ ಮೂವತ್ತು ಮೊಳ ಗಿಡ್ಡವಿತ್ತು.
ಅಮಲ್ದಾರರು ಕುದುರೆಯ ಮೇಲೆ ಕೂತೇ ಹೇಳಿದರು,
ಹಾಸನಕ್ಕೆ ತಂತಿ ಕೊಟ್ಟಿದೆ, ಹುಕುಂ ಬರಲಿ.

ಗಾಣದ ನಿಂಗಾಜಮ್ಮನ ಮನೆ
ಬೀದಿ ಮುಗಿದು ಕೆಳಗೇರಿ ಶುರುವಾಗುವಲ್ಲಿ.
ಮೂರು ತಲೆಮಾರು ಎಣ್ಣೆ ಕುಡಿದ ಗಾಣ,
ಎಣ್ಣೆ ಕುಡಿದ ಕಂಬ, ಎಣ್ಣೆ ಕುಡಿದ ಹೊಸ್ತಿಲು;
ಅದರಾಚೆ ನೂರೆಂಬತ್ತು ಸೋಗೆ ಮಾಡು.
ಗಾಳಿ ಮಾಲೇಕಲ್ಲು ಬೆಟ್ಟದ ಕಡೆಯಿಂದ, ನೆಟ್ಟಗೆ.

‘ಇದು ಹತ್ತಿದರೆ ಊರಿಲ್ಲ. ಹಗ್ಗ ತರ್ರೋ.’
ಅಷ್ಟೇ ಅಂದಳು.
ಉರಿವ ಮನೆಯ ಗಳ ಹಿರಿಯುವವರನ್ನು
ಈ ನೌಕರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ,
ಉರಿಯದ ಮನೆಯ ಗಳವನ್ನು, ಅದೂ ತನ್ನದನ್ನು,
ಹಿರಿದವಳನ್ನು ಕಂಡದ್ದು ಅವತ್ತೇ.

ಗಾಣದ ಎತ್ತುಗಳ ಕಣ್ಣುಪಟ್ಟಿ ಬಿಚ್ಚಿದಳು.
ಬಂದಾಗಿನಿಂದ ಬರೀ ಸುತ್ತಿದ್ದ ಜೋಡಿ
ಒಂದು ಗಳಿಗೆ ಬಲಕ್ಕೆ ವಾಲಿತು, ಅಭ್ಯಾಸ;
ಆಮೇಲೆ ನೆಟ್ಟಗೆ ನಡೆಯಿತು,
ಹಿಂದೆ ನಡುಗಂಬ ಎಳೆದುಕೊಂಡು,
ಕಂಬದ ಹಿಂದೆ ಇಡೀ ಮನೆ.
ಹೆಂಚು, ತೊಲೆ, ತೊಟ್ಟಿಲ ಕೊಂಡಿ ಇದ್ದ ಜಂತಿ.
ಗಾಣವನ್ನು ಹನ್ನೆರಡು ಜನ ಉರುಳಿಸಿ ಕೆರೆಗೆ ನೂಕಿದರು.
ಎಣ್ಣೆ ಹೀರಿದ ನೆಲವನ್ನೂ ಬಿಡದೆ ಕೆತ್ತಿದರು.

ಬೆಂಕಿ ಬಂತು. ಬರೀ ಮಣ್ಣು.
ಎಡಕ್ಕೆ ನೋಡಿತು, ಬಲಕ್ಕೆ ನೋಡಿತು,
ಒಂದೆರಡು ಕಿಡಿ ಎಸೆದು ಪರೀಕ್ಷೆ ಮಾಡಿತು;
ಹೆಂಗಸರು ಒದ್ದೆ ಗೋಣಿ ಹಿಡಿದು ನಿಂತಿದ್ದರು.

ಆರಿದ್ದು ಯಾವಾಗ?
ಡ್ರೈವರು ಗೇಬ್ರಿಯಲಪ್ಪ ಹೇಳಿದ್ದು ರಾತ್ರಿ ಒಂಬತ್ತು,
ಅರ್ಚಕರು ಹೇಳಿದ್ದು ತಾವು ಅಭಿಷೇಕ ಮುಗಿಸಿದ ಗಳಿಗೆ,
ಶೆಟ್ಟರು, ‘ನನ್ನ ಹೊಟ್ಟೆಯಲ್ಲಿ ಕೈಯಿಟ್ಟು ನೋಡಪ್ಪ.’

ಎಂಟನೇ ಕಾಲಂ ಪರಿಹಾರದ್ದು.
ಸುಟ್ಟ ಅಂಕಣ ಒಂದಕ್ಕೆ ನಾಲ್ಕು ರೂಪಾಯಿ.
ನಿಂಗಾಜಮ್ಮನ ಹೆಸರಿನ ಮುಂದೆ ನಾನೇ,
ಇದೇ ಕೈಯಿಂದ, ‘ಸುಟ್ಟಿಲ್ಲ’ ಎಂದು ಬರೆದೆ.
ನಿಜವನ್ನೇ ಬರೆದೆ.

ಹದಿಮೂರನೇ ದಿನ ಮಂಡಿಯ ಅಡಿಯಲ್ಲಿ
ಬೂದಿ ಕೆದಕಿದರೆ ಇನ್ನೂ ಕೆಂಪಿತ್ತು.
ಕೊಡ ಎತ್ತಿದ್ದರು. ‘ತಡೀರಿ’ ಅಂತ ಬಂದಳು,
ಕೈಯಲ್ಲಿ ತನ್ನದೇ ಮನೆಯ ಒಡೆದ ಹೆಂಚು:
‘ಒಂದು ಕೆಂಡ ಕೊಡಿ ಸ್ವಾಮಿ, ಒಲೆ ಹೂಡಿದೀನಿ.’
ನಾನು ಪುಸ್ತಕ ತೆರೆದು, ಇದೇ ಕೊನೆಯದಲ್ಲವೇ,
ಈಗ ಆರಿತು ಅಂತ ಬರೆದುಕೊಳ್ಳಲೇ ಎಂದೆ.
‘ದೀಪ ಆರಿತು ಅಂತಾರಾ ಯಾರಾದರೂ?
ದೊಡ್ಡದಾಯ್ತು ಅನ್ನಿ’ ಅಂದು
ಸೆರಗು ಅಡ್ಡ ಹಿಡಿದು ಗಾಳಿ ತಾಗದಂತೆ ಹೋದಳು.

ಲೆಕ್ಕ ತನಿಖೆಯವರು ಈ ವರ್ಷ ಕೆಂಪು ಮಸಿಯಲ್ಲಿ ಕೇಳಿದ್ದಾರೆ:
ಕಾಲಂ ಏಳು ಖಾಲಿ. ಇನ್ನೂ ಉರಿಯುತ್ತಿದೆಯೇ?
ಉತ್ತರ ಬರೆಯುವ ಮೊದಲು ನೋಡಿಬರೋಣವೆಂದು
ನಿನ್ನೆ ಸಂಜೆ ಆ ಕಡೆ ಹೋಗಿದ್ದೆ.
ಮೂರು ಕಲ್ಲಿನ ಮೇಲೆ ಮಡಕೆ,
ಹಿಟ್ಟು ಕೊತಗುಟ್ಟುತ್ತಿತ್ತು.