ಅರ್ಧ ತೊಳೆದ ಜೀಪು

ಉಯುನಿಯಲ್ಲಿ ಉಪ್ಪು ಭರಣಿಯಲ್ಲಿ ಇರುವುದಿಲ್ಲ,
ಊರಾಚೆ ಮಲಗಿರುತ್ತದೆ, ಕಣ್ಣು ಸೋಲುವಷ್ಟು ದೂರ.
ಪ್ರವಾಸಿಗಳನ್ನು ಹೊತ್ತು ಅದರ ಮೇಲೆ ಓಡಿದ ಜೀಪುಗಳು
ಸಂಜೆ ಹೊಟ್ಟೆಯಡಿ ಬಿಳಿ ಗಡ್ಡ ಬಿಟ್ಟುಕೊಂಡು ಮರಳುತ್ತವೆ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು.
ಯಾರ ಕೈಯಿಂದ ಅನ್ನುವುದಷ್ಟೇ ಜಗಳ.

ರೈಲು ಹಳಿಯ ಈಚೆ ಕಾಸಿಮಿರಾ: ಒಂದು ನಲ್ಲಿ,
ಎರಡು ಬಕೆಟ್ಟು, ಅಕ್ಕನ ಮಗ ವಿಲ್ಮರ್.
ಆಚೆ ಹೊಸದಾಗಿ ಬಂದ ಒತ್ತಡದ ಯಂತ್ರ,
ಅದರ ಬಾಗಿಲಲ್ಲಿ ಗಾಳಿ ತುಂಬಿದ ಬೊಂಬೆ
ದಿನವಿಡೀ ಕೈ ಬೀಸಿ ಕರೆಯುತ್ತದೆ,
ತಲೆಮರೆಸಿಕೊಂಡ ಸಾಲಗಾರ ಸಿಕ್ಕಿದ ಹಾಗೆ.
ನಡುವೆ ನಾನು, ಪಂಕ್ಚರ್ ಅಂಗಡಿಯವನು.
ಎರಡೂ ಕಡೆಯ ಕೊಚ್ಚೆ ನನ್ನ ಹೊಸ್ತಿಲಿಗೇ ಬರುತ್ತದೆ.

ರೇಡಿಯೊದವನು ಜಾಹೀರಾತಿನ ದರ ಹೇಳಿದಾಗ
ಕಾಸಿಮಿರಾ ನಕ್ಕಳು.
ಆಮೇಲೆ ಮೂರು ದಿನ ನಗಲಿಲ್ಲ.

ನಾಲ್ಕನೆಯ ರಾತ್ರಿ ವಿಲ್ಮರ್
ಚೌಕದಲ್ಲಿ ನಿಂತ ಗಾಡಿಗಳ ಧೂಳುಗಾಜಿನ ಮೇಲೆ
ಬೆರಳಿನಿಂದ ಬರೆದು ಬಂದ:
'ಮೈ ತುರಿಸುತ್ತಿದೆ, ಕಾಸಿಮಿರಾಳ ಹತ್ತಿರ ಬಿಡು.'
ಬೆರಳಿಗೆ ಬಾಡಿಗೆಯಿಲ್ಲ, ಧೂಳಿಗೆ ಬೆಲೆಯಿಲ್ಲ.
ಅದರಲ್ಲಿ ಒಂದು ಗಾಡಿ ಠಾಣೆಯ ಕ್ಯಾಪ್ಟನ್ನನದು.
ಬೆಳಿಗ್ಗೆಯೇ ಬಂದ. ಬೈದ. ತೊಳೆಸಿಕೊಂಡ.
ಕಾಸು ಕೊಡದೆ ಹೋದ.

ನನಗೂ ಒಂದು ಒಪ್ಪಂದ: ನಾನು ಕಳಿಸಿದ ಪ್ರತಿ ಗಾಡಿಗೆ
ನೇರಳೆ ಜೋಳದ ಬಿಸಿ ಆಪಿ, ಒಂದು ಲೋಟ.
ಚಕ್ರ ಬಿಚ್ಚುತ್ತ ಬಿಚ್ಚುತ್ತ ಹೇಳುತ್ತಿದ್ದೆ,
'ಅಣ್ಣಾ, ಅಡಿಯಲ್ಲಿ ನೋಡಿದೆಯಾ, ಉಪ್ಪು ಕಬ್ಬಿಣ ಮೇಯುತ್ತಿದೆ.'
ಸುಳ್ಳಲ್ಲ. ಸ್ವಲ್ಪ ಉಪ್ಪು ಖಾರ ಹಚ್ಚಿದ್ದೆ, ಅಷ್ಟೆ.
ಆ ಚಳಿಗಾಲವಿಡೀ ನನ್ನ ತುಟಿ ನೇರಳೆ.
ಹೆಂಡತಿ ಏನೇನೋ ಅನುಮಾನಿಸಿದಳು.

ಹತ್ತು ಸಲಕ್ಕೊಂದು ಸಲ ಪುಕ್ಕಟೆ ಅಂದಳು ಕಾಸಿಮಿರಾ.
ಚೀಟಿ ಅಚ್ಚು ಹಾಕಿಸಲು ದುಡ್ಡೆಲ್ಲಿ?
ಲಾಮಾ ಉಣ್ಣೆಯ ಕೆಂಪು ದಾರ ಹೊಸೆದು
ತೊಳೆದಾಗಲೊಮ್ಮೆ ಒಂದು ಗಂಟು ಹಾಕಿ
ಕನ್ನಡಿಗೆ ತೂಗುಬಿಟ್ಟಳು.
ಅವಳ ಮುತ್ತಜ್ಜಿಯರು ಹೀಗೇ ಗಂಟಿನಲ್ಲಿ
ಕುರಿ ಎಣಿಸುತ್ತಿದ್ದರಂತೆ, ತೆರಿಗೆ ಎಣಿಸುತ್ತಿದ್ದರಂತೆ.
ದಾರವಿಲ್ಲದ ಗಾಡಿ ಊರಿನಲ್ಲಿ
ಬೋಳು ಕತ್ತಿನ ಮದುಮಗಳ ಹಾಗೆ ಕಾಣತೊಡಗಿತು.

ಆದರೆ ಊರು ತಿರುಗಿ ನೋಡಿದ್ದು ಫ್ರುಕ್ತುವೋಸೊನ ಜೀಪನ್ನು.
ಮೂಗಿನಿಂದ ಬಾಲದವರೆಗೆ ನೂಲು ಹಿಡಿದ ಹಾಗೆ
ಎಡಮಗ್ಗುಲು ಮಾತ್ರ ತೊಳೆದಳು.
ಎಡಕ್ಕೆ ನಿಂತವರಿಗೆ ನೀಲಿ ಜೀಪು,
ಬಲಕ್ಕೆ ನಿಂತವರಿಗೆ ಬೂದಿಗುಡ್ಡೆ.
ಮಕ್ಕಳು ಹಿಂದೆ ಓಡಿದರು, ಪ್ರವಾಸಿಗಳು ಫೋಟೊ ತೆಗೆದರು,
ಸಂತೆಯಲ್ಲಿ ಎರಡು ಬಣ್ಣದ ಬಗ್ಗೆ ಪಣ ಕಟ್ಟಿದರು.
'ಮುಗಿಸಿಕೊಡಲಾ?' ಎಂದು ವಾರಕ್ಕೊಮ್ಮೆ ಕೇಳುವಳು.
'ಬೇಡ, ಇನ್ನೂ ಜನ ನೋಡುತ್ತಿದ್ದಾರೆ' ಎನ್ನುವನು.
ಆಗಸ್ಟಿನ ಹೊತ್ತಿಗೆ ಹಳಿಯ ಈಚೆ ಹನ್ನೊಂದು ಗಾಡಿಯ ಸಾಲು.
ಆಚೆ ಬೊಂಬೆ ಗಾಳಿ ಕಳೆದುಕೊಂಡು ಸೊಂಟ ಬಗ್ಗಿಸಿತ್ತು.
ಪಾಪ, ಅದಕ್ಕೂ ತೇಪೆ ಹಾಕಿದವನು ನಾನೇ.

ಅಕ್ಟೋಬರಿನಲ್ಲಿ ಟಯರು ಬದಲಿಸಲು ಬಂದ ಫ್ರುಕ್ತುವೋಸೊ.
ಜ್ಯಾಕ್ ಏರಿಸಿ, ಬಲಬಾಗಿಲಿನ ಅಡಿ ಕೈಯಿಟ್ಟೆ.
ಬೆರಳು ಒಳಗೇ ಹೋಯಿತು,
ನೆನೆದ ರೊಟ್ಟಿಗೆ ಹೋದ ಹಾಗೆ.
ನಾನು ಮಾತಾಡಲಿಲ್ಲ. ಹೋಗಿ ಅವಳನ್ನು ಕರೆದುತಂದೆ.

ಕಾಸಿಮಿರಾ ಬಟ್ಟಲಗಲದ ತೂತಿನ ಮುಂದೆ ಕೂತಳು,
ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು.
'ಖರ್ಚಿಲ್ಲದ ಜಾಹೀರಾತು ಅಂದುಕೊಂಡಿದ್ದೆ' ಎಂದಳು.
ಫ್ರುಕ್ತುವೋಸೊ, 'ತಗಡು ತಾನೇ' ಎಂದ,
ಗಂಟಲು ಮಾತ್ರ ತಗಡಿನದಾಗಿರಲಿಲ್ಲ.

ಬೆಸುಗೆಯ ದುಡ್ಡು ಅವಳೇ ಕೊಟ್ಟಳು, ನಾಲ್ಕು ಕಂತಿನಲ್ಲಿ.
ಈಗ ದಿನಾ ಸಂಜೆ, ಸಾಲು ಎಷ್ಟೇ ಇರಲಿ,
ಮೊದಲು ಆ ನೀಲಿ ಜೀಪು,
ಮೊದಲು ಅದರ ಬಲಮಗ್ಗುಲು.
ಊರಿನ ಎಲ್ಲ ಕನ್ನಡಿಗಳಲ್ಲೂ ಗಂಟುಗಳು ತೂಗುತ್ತವೆ,
ಆರು, ಎಂಟು, ಒಂಬತ್ತು.
ಅವನದರಲ್ಲಿ ಒಂದು ಕೆಂಪು ದಾರ,
ಒಂದೂ ಗಂಟಿಲ್ಲದೆ.